ದೂರದಿಂದ ಧ್ವನಿಚಿಕಿತ್ಸೆ: ಸಾಧ್ಯತೆ ಮತ್ತು ಮಿತಿ

ಧ್ವನಿಚಿಕಿತ್ಸೆಯಲ್ಲಿ ಔಷಧಿಯಾಗಲಿ ಶಸ್ತ್ರವಾಗಲಿ ಇಲ್ಲ. ಚಿಕಿತ್ಸಕರು ರೋಗಿಯ ದನಿಯನ್ನು ಆಲಿಸುತ್ತಾರೆ. ತಾವು ಉಚ್ಚರಿಸಿ ತೋರಿಸುತ್ತಾರೆ. ಉಸಿರಾಟವನ್ನು ಗಮನಿಸಿ ತಿದ್ದುತ್ತಾರೆ. ಮುಖ್ಯವಾಗಿ ಕಣ್ಣು, ಕಿವಿಗಳನ್ನೇ ಅವಲಂಬಿಸಿದ ಈ ಕಾರ್ಯವು ದೂರವೈದ್ಯ ಪದ್ಧತಿಗೆ ಸಹಜವಾಗಿ ಒಗ್ಗುತ್ತದೆ.

ಪಾರ್ಕಿನ್ಸನ್ ರೋಗಿಗಳಿಗಾಗಿ ಅಮೆರಿಕದಲ್ಲಿ ರೂಪುಗೊಂಡ ಲೀ ಸಿಲ್ವರ್‌ಮನ್ ಧ್ವನಿಚಿಕಿತ್ಸೆ ಇದಕ್ಕೆ ಉತ್ತಮ ನಿದರ್ಶನ. ಈ ರೋಗದಲ್ಲಿ ದನಿ ಕ್ಷೀಣಿಸುತ್ತದೆ. ಅನೇಕ ವೇಳೆ ರೋಗಿಗೆ ಅದರ ಅರಿವೇ ಇರುವುದಿಲ್ಲ. ವಾರಕ್ಕೆ 4ರಂತೆ 4 ವಾರ, ಒಟ್ಟು 16 ಬಾರಿ, ಪ್ರತಿಸಲವೂ ಒಂದು ಗಂಟೆ ಗಟ್ಟಿದನಿಯ ಅಭ್ಯಾಸ ನಡೆಯಬೇಕು. ನಡೆದಾಡಲು ಕಷ್ಟಪಡುವವರು ಇಷ್ಟು ಬಾರಿ ಆಸ್ಪತ್ರೆಗೆ ಹೋಗಿಬರುವುದು ಸುಲಭವಲ್ಲ. ಆಸ್ಟ್ರೇಲಿಯದ ಸಂಶೋಧಕರು 34 ಮಂದಿ ರೋಗಿಗಳನ್ನೊಳಗೊಂಡು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೂರಚಿಕಿತ್ಸೆಯ ಫಲವು ಮುಖಾಮುಖಿ ಚಿಕಿತ್ಸೆಗಿಂತ ಕಡಿಮೆಯಾಗಿರಲಿಲ್ಲ.

ಆದರೆ ಸಾಮಾನ್ಯ ವೀಡಿಯೊ ಕರೆಯ ತಂತ್ರಾಂಶವು ಕ್ಷೀಣ ದನಿಯನ್ನು ತಾನೇ ಏರಿಸಿ, ಗಟ್ಟಿದನಿಯನ್ನು ತಗ್ಗಿಸಿ ಕಳುಹಿಸುವುದುಂಟು. ಇದರಿಂದ ಅಳೆಯಬೇಕಾದ ಗುಣವೇ ಮರೆಯಾಗುತ್ತದೆ. ಆದುದರಿಂದ ದನಿಯ ಮಟ್ಟವನ್ನು ರೋಗಿಯ ಬಳಿಯಲ್ಲಿಯೇ, ಬಾಯಿಂದ ನಿಶ್ಚಿತ ಅಂತರದಲ್ಲಿರಿಸಿದ ಮಾಪಕದಿಂದ ಡೆಸಿಬೆಲ್‌ಗಳಲ್ಲಿ ಅಳೆಯಬೇಕು. ಇನ್ನು, ಯಾವುದೇ ಧ್ವನಿಚಿಕಿತ್ಸೆಗೆ ಮುನ್ನ ವೈದ್ಯರು ಧ್ವನಿತಂತುಗಳನ್ನು ಪ್ರತ್ಯಕ್ಷವಾಗಿ ಪರೀಕ್ಷಿಸುವುದು ಅಗತ್ಯ. ಬಹುಕಾಲದ ಗೊಗ್ಗರು ದನಿಯ ಹಿಂದೆ ಅರ್ಬುದವೂ ಅಡಗಿರಬಹುದು.

ಹೊರನಾಡ ಕನ್ನಡಿಗರಿಗೆ ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಮೇಲಿನ ಪದ್ಧತಿಯಲ್ಲಿ ರೋಗಿಯು ದಿನನಿತ್ಯ ಆಡುವ 10 ಮಾತುಗಳನ್ನು ಆಯ್ದು ಅಭ್ಯಾಸ ಮಾಡಿಸುತ್ತಾರೆ. ಪುಣೆಯಲ್ಲೋ ದೆಹಲಿಯಲ್ಲೋ ನೆಲೆಸಿ ಮನೆಯಲ್ಲಿ ಕನ್ನಡವನ್ನೇ ಆಡುವ ಹಿರಿಯರಿಗೆ ಆ ಮಾತುಗಳು ಕನ್ನಡದವೇ ಆಗಿರಬೇಕು. ಅಲ್ಲಿ ಕನ್ನಡ ಬಲ್ಲ ಚಿಕಿತ್ಸಕರು ದೊರೆಯದಿದ್ದಲ್ಲಿ ಮೈಸೂರಿನವರೋ ಧಾರವಾಡದವರೋ ಈ ಮಾರ್ಗದಿಂದ ಒದಗಬಲ್ಲರು. ಇದಕ್ಕೆ ಬೇಕಾದ ವಾಕ್ಯಗಳನ್ನು ಪ್ರಾದೇಶಿಕ ಉಪಭಾಷೆಗಳಿಗೆ ಅನುಗುಣವಾಗಿ ಸಂಗ್ರಹಿಸುವುದು ಭಾಷಾ ಸಂಶೋಧಕರು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯ.