ಜಾನ್ ಹಾರ್ಡಿ

ಸರ್ ಜಾನ್ ಆಂಥನಿ ಹಾರ್ಡಿ (ಜನನ: ನವೆಂಬರ್ ೯, ೧೯೫೪) ಅವರು ಇಂಗ್ಲೆಂಡಿನ ತಳಿವಿಜ್ಞಾನಿ ಹಾಗೂ ನರವಿಜ್ಞಾನಿ. ಆಲ್ಜೈಮರ್ ಕಾಯಿಲೆಗೆ ಕಾರಣವಾಗುವ ಮೊದಲ ವಂಶವಾಹಿ ದೋಷವನ್ನು ೧೯೯೧ರಲ್ಲಿ ಪತ್ತೆಹಚ್ಚಿದ ತಂಡದ ಮುಖ್ಯಸ್ಥರು ಇವರು. ಈ ಕಾಯಿಲೆಯ ಬಗೆಗಿನ 'ಅಮೈಲಾಯ್ಡ್ ಸಿದ್ಧಾಂತ'ವನ್ನು ರೂಪಿಸಿದವರಲ್ಲಿಯೂ ಪ್ರಮುಖರು. ಪಾರ್ಕಿನ್ಸನ್ ಕಾಯಿಲೆ ಮತ್ತು ಮೆದುಳಿನ ಮುಂಭಾಗದ ಕ್ಷೀಣತೆಯಿಂದ ಬರುವ ಮರೆವಿನ ರೋಗಗಳ ಅಧ್ಯಯನದಲ್ಲಿಯೂ ಇವರ ಕೊಡುಗೆ ಗಣನೀಯವಾದುದು.

ಜನನ ಮತ್ತು ಶಿಕ್ಷಣ

ಹಾರ್ಡಿಯವರು ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ್ಯದ ನೆಲ್ಸನ್ ಎಂಬ ಊರಿನಲ್ಲಿ ಜನಿಸಿದರು. ೧೯೭೬ರಲ್ಲಿ ಲೀಡ್ಸ್ ವಿಶ್ವವಿದ್ಯಾಲಯದಿಂದ ಜೀವರಸಾಯನ ಶಾಸ್ತ್ರದಲ್ಲಿ ಪದವಿ ಪಡೆದರು. ಅನಂತರ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸಂಶೋಧನೆ ನಡೆಸಿ ಪಿಎಚ್.ಡಿ. ಪದವಿ ಗಳಿಸಿದರು. ನ್ಯೂಕ್ಯಾಸಲ್ ಮತ್ತು ಸ್ವೀಡನ್ನಿನ ಉಮಿಯೊ ನಗರಗಳಲ್ಲಿ ಸಂಶೋಧನೆಯನ್ನು ಮುಂದುವರಿಸಿ, ೧೯೮೦ರ ದಶಕದ ಮಧ್ಯಭಾಗದಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ವೈದ್ಯಕೀಯ ಶಾಲೆಯನ್ನು ಸೇರಿದರು. ಆಲ್ಜೈಮರ್ ಕಾಯಿಲೆಯ ವಂಶವಾಹಿ ಅಧ್ಯಯನವನ್ನು ಅವರು ಕೈಗೆತ್ತಿಕೊಂಡದ್ದು ಇಲ್ಲಿಯೇ.

ಸಂಶೋಧನೆಯ ಹಿನ್ನೆಲೆ

ಮುಪ್ಪಿನಲ್ಲಿ ಬರುವ ಮರೆವನ್ನು ನಮ್ಮಲ್ಲಿ 'ಅರಳುಮರಳು' ಎಂದು ಕರೆದು ವಯೋಧರ್ಮವೆಂದೇ ಭಾವಿಸುವುದು ವಾಡಿಕೆ. ಐರೋಪ್ಯ ದೇಶಗಳಲ್ಲಿಯೂ ಬಹುಕಾಲ ಇದೇ ಭಾವನೆ ಇದ್ದಿತು. ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಜೈಮರ್ ಅವರು ೧೯೦೬ರಲ್ಲಿ, ಐವತ್ತರ ಆಸುಪಾಸಿನಲ್ಲಿಯೇ ನೆನಪು ಕಳೆದುಕೊಂಡು ಮೃತಳಾದ ರೋಗಿಯೊಬ್ಬಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದ ವಿವರಗಳನ್ನು ಮಂಡಿಸಿದರು. ಅದರಲ್ಲಿ ಅವರು ಎರಡು ವಿಕೃತಿಗಳನ್ನು ಗುರುತಿಸಿದ್ದರು. ನರಕೋಶಗಳ ಹೊರಗೆ ಕಲೆಗಳಂತೆ ಕೂಡಿಕೊಂಡ ಗಟ್ಟಿ ಶೇಖರಣೆ ಒಂದು. ಇದನ್ನು ಪ್ಲಾಕ್ ಎನ್ನುತ್ತಾರೆ. ನರಕೋಶಗಳ ಒಳಗೆ ನೂಲಿನಂತೆ ಸಿಕ್ಕುಗಟ್ಟಿದ ಎಳೆಗಳು ಇನ್ನೊಂದು.

ಈ ಎರಡರಲ್ಲಿ ಯಾವುದು ಮೊದಲು ಉಂಟಾಗುತ್ತದೆ, ಯಾವುದು ರೋಗದ ಮೂಲ, ಯಾವುದು ಅದರ ಪರಿಣಾಮ ಎಂಬುದು ಮುಂದೆ ಸುಮಾರು ಎಂಬತ್ತು ವರ್ಷಗಳವರೆಗೆ ಬಗೆಹರಿಯಲಿಲ್ಲ. ಮರಣಾನಂತರ ಪರೀಕ್ಷಿಸುವ ಮೆದುಳಿನಲ್ಲಿ ಎರಡೂ ಒಟ್ಟಿಗೇ ಕಾಣುವುದರಿಂದ ಅವುಗಳ ಕಾಲಕ್ರಮವನ್ನು ತಿಳಿಯುವುದು ಸಾಧ್ಯವಿರಲಿಲ್ಲ. ೧೯೮೪ರಲ್ಲಿ ಅಮೆರಿಕದ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಅವರು ರೋಗಿಗಳ ಮೆದುಳಿನ ರಕ್ತನಾಳಗಳಿಂದ 'ಬೀಟಾ ಅಮೈಲಾಯ್ಡ್' ಎಂಬ ಪ್ರೋಟೀನ್ ತುಣುಕನ್ನು ಬೇರ್ಪಡಿಸಿದರು. ಪ್ಲಾಕ್‌ಗಳ ಮುಖ್ಯ ವಸ್ತುವೂ ಇದೇ ಎಂಬುದು ಮರುವರ್ಷವೇ ದೃಢಪಟ್ಟಿತು. ೧೯೮೭ರಲ್ಲಿ, ಈ ತುಣುಕು ಎಪಿಪಿ ಎಂಬ ದೊಡ್ಡ ಪ್ರೋಟೀನಿನ ಭಾಗವೆಂದೂ, ಅದರ ವಂಶವಾಹಿಯು ೨೧ನೆಯ ವರ್ಣತಂತುವಿನ ಮೇಲಿದೆಯೆಂದೂ ತಿಳಿದುಬಂದಿತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ವರ್ಣತಂತುವಿನ ಮೂರು ಪ್ರತಿಗಳಿರುತ್ತವೆ. ಅವರ ಮೆದುಳಿನಲ್ಲಿ ನಡುವಯಸ್ಸಿನ ವೇಳೆಗೆ ಆಲ್ಜೈಮರ್‌ನ ಲಕ್ಷಣಗಳೇ ಕಾಣಿಸಿಕೊಳ್ಳುತ್ತವೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಹೀಗಾಗಿ ಸಂಶೋಧಕರ ಗಮನ ಈ ವರ್ಣತಂತುವಿನ ಕಡೆಗೆ ತಿರುಗಿತು.

ಜೆನ್ನಿಂಗ್ಸ್ ಕುಟುಂಬ

ರೋಗವು ತಲೆಮಾರುಗಳಿಂದ ಹರಿದುಬಂದಿರುವ ಕುಟುಂಬಗಳಿಗಾಗಿ ಹಾರ್ಡಿಯವರ ತಂಡವು ಹುಡುಕಾಟ ನಡೆಸುತ್ತಿದ್ದಾಗ, ೧೯೮೬ರಲ್ಲಿ ನಾಟಿಂಗ್‌ಹ್ಯಾಮ್‌ನಿಂದ ಪತ್ರವೊಂದು ಬಂದಿತು. ಬರೆದವರು ಕ್ಯಾರಲ್ ಜೆನ್ನಿಂಗ್ಸ್ ಎಂಬ ಶಿಕ್ಷಕಿ. ಅವರ ತಂದೆಗೂ, ತಂದೆಯ ಒಡಹುಟ್ಟಿದವರಲ್ಲಿ ಕೆಲವರಿಗೂ ಐವತ್ತರ ವಯೋಮಾನದಲ್ಲಿಯೇ ಈ ಕಾಯಿಲೆ ತಗುಲಿತ್ತು. ಇದು ಕೇವಲ ಆಕಸ್ಮಿಕವಾಗಿರಲಾರದೆಂದು ಊಹಿಸಿದ ಅವರು, ತಮ್ಮ ಕುಟುಂಬವು ಸಂಶೋಧನೆಗೆ ಉಪಯುಕ್ತವಾಗಬಹುದೆಂದು ತಿಳಿಸಿದ್ದರು. ಕುಟುಂಬದ ಸದಸ್ಯರು ರಕ್ತದ ಮಾದರಿಗಳನ್ನು ನೀಡಿದರು, ವಂಶವೃಕ್ಷವನ್ನು ಸಿದ್ಧಪಡಿಸಲಾಯಿತು.

ರೋಗ ತಗುಲಿದವರು ಮತ್ತು ತಗುಲದವರ ವರ್ಣತಂತುಗಳನ್ನು ಹೋಲಿಸಿ ನೋಡಿದಾಗ, ರೋಗವು ೨೧ನೆಯ ವರ್ಣತಂತುವಿನ ಒಂದು ಭಾಗದೊಡನೆ ಸಾಗಿಬಂದಿರುವುದು ಕಂಡಿತು. ಎಪಿಪಿ ವಂಶವಾಹಿಯ ಆ ಭಾಗವನ್ನು ಅಕ್ಷರಶಃ ಓದಿದಾಗ ಒಂದೇ ಒಂದು ಬದಲಾವಣೆ ಗೋಚರಿಸಿತು. ಪ್ರೋಟೀನಿನ ೭೧೭ನೆಯ ಸ್ಥಾನದಲ್ಲಿರಬೇಕಾದ ವ್ಯಾಲಿನ್ ಎಂಬ ಅಮೈನೊ ಆಮ್ಲದ ಬದಲು ಐಸೊಲ್ಯೂಸಿನ್ ಇತ್ತು. ರೋಗ ಬಂದವರೆಲ್ಲರಲ್ಲಿ ಈ ಬದಲಾವಣೆ ಕಂಡುಬಂದಿತು. ೧೯೯೧ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಈ ಪ್ರಬಂಧದ ಮೊದಲ ಲೇಖಕಿ ತಂಡದ ಸದಸ್ಯೆ ಆಲಿಸನ್ ಗೋಟ್. ಈ ದೋಷವು ಇಂದು 'ಲಂಡನ್ ಉತ್ಪರಿವರ್ತನೆ' ಎಂದು ಪ್ರಸಿದ್ಧವಾಗಿದೆ.

ಈ ಸಂಶೋಧನೆಯು ಕುಟುಂಬದ ಮುಂದೆ ಕಠಿಣವಾದ ಪ್ರಶ್ನೆಯೊಂದನ್ನು ತಂದಿಟ್ಟಿತು. ದೋಷವುಳ್ಳ ವಂಶವಾಹಿ ತಂದೆ ಅಥವಾ ತಾಯಿಯಿಂದ ಮಗುವಿಗೆ ಬರುವ ಸಂಭವ ಶೇಕಡಾ ೫೦. ರಕ್ತಪರೀಕ್ಷೆಯಿಂದ ಮುಂಚಿತವಾಗಿಯೇ ತಿಳಿಯಲು ಸಾಧ್ಯ. ಆದರೆ ತಿಳಿದ ಮೇಲೆ ಕೊಡಬಹುದಾದ ಚಿಕಿತ್ಸೆ ಇರಲಿಲ್ಲ. ಕ್ಯಾರಲ್ ಅವರು ಪರೀಕ್ಷೆ ಮಾಡಿಸಿಕೊಳ್ಳದಿರಲು ನಿರ್ಧರಿಸಿ, ರೋಗಿಗಳ ಮತ್ತು ಆರೈಕೆ ಮಾಡುವವರ ಪರವಾಗಿ ಕೆಲಸ ಮಾಡುವುದರಲ್ಲಿ ತೊಡಗಿದರು. ೨೦೧೨ರಲ್ಲಿ ಅವರಿಗೂ ಕಾಯಿಲೆ ಇರುವುದು ದೃಢಪಟ್ಟಿತು. ೨೦೨೪ರ ಮಾರ್ಚ್‌ನಲ್ಲಿ ಅವರು ನಿಧನರಾದರು. ಅವರ ಮೆದುಳನ್ನು ಸಂಶೋಧನೆಗೆ ದಾನವಾಗಿ ನೀಡಲಾಯಿತು.

ಅಮೈಲಾಯ್ಡ್ ಸಿದ್ಧಾಂತ

೧೯೯೨ರಲ್ಲಿ ಹಾರ್ಡಿ ಮತ್ತು ಜೆರಾಲ್ಡ್ ಹಿಗ್ಗಿನ್ಸ್ ಅವರು 'ಸೈನ್ಸ್' ಪತ್ರಿಕೆಯಲ್ಲಿ ಅಮೈಲಾಯ್ಡ್ ಸಿದ್ಧಾಂತವನ್ನು ಮಂಡಿಸಿದರು. ಅದರ ಪ್ರಕಾರ ಬೀಟಾ ಅಮೈಲಾಯ್ಡ್‌ನ ಶೇಖರಣೆಯೇ ರೋಗದ ಮೊದಲ ಹೆಜ್ಜೆ. ಕೋಶದೊಳಗಿನ ಎಳೆಗಳ ಸಿಕ್ಕು, ನರಕೋಶಗಳ ನಾಶ ಹಾಗೂ ಮರೆವು ಅದರ ಬೆನ್ನಿಗೆ ಬರುವ ಪರಿಣಾಮಗಳು. ಅಮೈಲಾಯ್ಡ್‌ಗೆ ಸಂಬಂಧಿಸಿದ ವಂಶವಾಹಿಯ ದೋಷವೊಂದೇ ಇಡೀ ರೋಗವನ್ನು ಉಂಟುಮಾಡುತ್ತದೆ ಎಂಬುದೇ ಇದಕ್ಕೆ ಮುಖ್ಯ ಆಧಾರ. ಮುಂದೆ ೧೯೯೫ರಲ್ಲಿ ಪತ್ತೆಯಾದ ಪ್ರಿಸೆನಿಲಿನ್ ಎಂಬ ಎರಡು ವಂಶವಾಹಿಗಳು ಎಪಿಪಿಯನ್ನು ಕತ್ತರಿಸುವ ಕಿಣ್ವದ ಭಾಗಗಳೆಂದು ತಿಳಿದಾಗ ಸಿದ್ಧಾಂತಕ್ಕೆ ಮತ್ತಷ್ಟು ಬಲ ಬಂದಿತು.

ಟೌ ಮತ್ತು ಇತರ ಸಂಶೋಧನೆಗಳು

೧೯೯೨ರಲ್ಲಿ ಹಾರ್ಡಿಯವರು ಅಮೆರಿಕಕ್ಕೆ ತೆರಳಿ ಸೌತ್ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿಯೂ, ೧೯೯೬ರಿಂದ ಜಾಕ್ಸನ್‌ವಿಲ್‌ನ ಮೇಯೊ ಕ್ಲಿನಿಕ್‌ನಲ್ಲಿಯೂ ಸೇವೆ ಸಲ್ಲಿಸಿದರು. ಕೋಶದೊಳಗಿನ ಸಿಕ್ಕು ಎಳೆಗಳು 'ಟೌ' ಎಂಬ ಪ್ರೋಟೀನಿನಿಂದಾದವು. ೧೯೯೮ರಲ್ಲಿ ಮೇಯೊ ಕ್ಲಿನಿಕ್‌ನ ಮೈಕ್ ಹಟ್ಟನ್, ಹಾರ್ಡಿ ಮತ್ತು ಸಹೋದ್ಯೋಗಿಗಳು ಟೌ ವಂಶವಾಹಿಯಲ್ಲಿನ ದೋಷಗಳು ಬೇರೊಂದು ಬಗೆಯ ಮರೆವಿನ ರೋಗವನ್ನು ತರುತ್ತವೆಂದು ತೋರಿಸಿದರು. ಈ ರೋಗಿಗಳ ಮೆದುಳಿನಲ್ಲಿ ಟೌ ಶೇಖರಣೆ ಇದ್ದರೂ ಅಮೈಲಾಯ್ಡ್ ಪ್ಲಾಕ್‌ಗಳಿರುವುದಿಲ್ಲ. ಎಪಿಪಿ ದೋಷವಿರುವವರಲ್ಲಿಯಾದರೋ ಎರಡೂ ಇರುತ್ತವೆ. ಆದ್ದರಿಂದ ಅಮೈಲಾಯ್ಡ್ ಮೊದಲು, ಟೌ ನಂತರ ಎಂಬ ಕ್ರಮಕ್ಕೆ ಇದು ಪುಷ್ಟಿ ನೀಡಿತು. ಟೌ ಒಂದೇ ನರಕೋಶಗಳನ್ನು ಕೊಲ್ಲಬಲ್ಲದೆಂಬುದೂ ಇದರಿಂದ ಖಚಿತವಾಯಿತು.

ಅನಂತರ ಅಮೆರಿಕದ ರಾಷ್ಟ್ರೀಯ ವೃದ್ಧಾಪ್ಯ ಸಂಸ್ಥೆಯಲ್ಲಿದ್ದಾಗ, ಆಲ್ಫಾ ಸಿನ್ಯೂಕ್ಲಿನ್ ವಂಶವಾಹಿಯ ಪ್ರತಿಗಳು ಹೆಚ್ಚಾದರೆ ಪಾರ್ಕಿನ್ಸನ್ ಕಾಯಿಲೆ ಬರುತ್ತದೆಂದು ತೋರಿಸಿದ ೨೦೦೩ರ ಅಧ್ಯಯನದಲ್ಲಿ ಪಾಲ್ಗೊಂಡರು. ೨೦೦೭ರಲ್ಲಿ ಲಂಡನ್ನಿಗೆ ಮರಳಿ ಯೂನಿವರ್ಸಿಟಿ ಕಾಲೇಜ್ ಲಂಡನ್ ಸೇರಿದರು. ಮೆದುಳಿನ ರಕ್ಷಣಾಕೋಶಗಳಿಗೆ ಸಂಬಂಧಿಸಿದ ಟ್ರೆಮ್೨ ವಂಶವಾಹಿಯ ಅಪರೂಪದ ರೂಪವೊಂದು ಆಲ್ಜೈಮರ್‌ನ ಅಪಾಯವನ್ನು ಹೆಚ್ಚಿಸುತ್ತದೆಂದು ರೀಟಾ ಗೆರೇರೊ, ಹಾರ್ಡಿ ಮತ್ತಿತರರು ಆ ಬಳಿಕ ಕಂಡುಕೊಂಡರು.

ಟೀಕೆ ಮತ್ತು ಪರಿಣಾಮ

ಅಮೈಲಾಯ್ಡ್ ಸಿದ್ಧಾಂತವು ತೀವ್ರ ಟೀಕೆಗೂ ಗುರಿಯಾಗಿದೆ. ಪ್ಲಾಕ್‌ಗಳು ಸಾಕಷ್ಟಿದ್ದರೂ ನೆನಪು ಸರಿಯಾಗಿರುವ ವೃದ್ಧರಿದ್ದಾರೆ. ಮರೆವಿನ ತೀವ್ರತೆಯು ಪ್ಲಾಕ್‌ಗಳಿಗಿಂತ ಟೌ ಎಳೆಗಳ ಪ್ರಮಾಣಕ್ಕೆ ಹೆಚ್ಚು ಹೊಂದಿಕೊಳ್ಳುತ್ತದೆ. ಒಂದೇ ವಂಶವಾಹಿಯ ದೋಷದಿಂದ ರೋಗ ಬರುವ ಕುಟುಂಬಗಳು ಬಹಳ ವಿರಳ. ಉಳಿದ ಬಹುಪಾಲು ರೋಗಿಗಳಿಗೂ ಅದೇ ವಿವರಣೆ ಸಲ್ಲುತ್ತದೆಯೇ ಎಂಬ ಪ್ರಶ್ನೆಯೂ ಇದೆ. ಅಮೈಲಾಯ್ಡ್ ವಿರುದ್ಧ ತಯಾರಿಸಿದ ಬಾಪಿನ್ಯೂಜುಮ್ಯಾಬ್, ಸೊಲನೆಜುಮ್ಯಾಬ್ ಮುಂತಾದ ಔಷಧಗಳು ಪ್ರಯೋಗಗಳಲ್ಲಿ ವಿಫಲವಾದಾಗ ಸಿದ್ಧಾಂತವನ್ನೇ ಕೈಬಿಡಬೇಕೆಂದು ಹಲವರು ವಾದಿಸಿದರು.

ಇನ್ನೊಂದೆಡೆ, ಎಪಿಪಿಯ ಒಂದು ವಿರಳ ರೂಪವು ಅಮೈಲಾಯ್ಡ್ ಉತ್ಪಾದನೆಯನ್ನು ತಗ್ಗಿಸಿ ರೋಗದಿಂದ ರಕ್ಷಣೆ ನೀಡುತ್ತದೆಂದು ೨೦೧೨ರಲ್ಲಿ ಐಸ್‌ಲೆಂಡಿನ ಅಧ್ಯಯನವು ತೋರಿಸಿತು. ೨೦೨೨ರಲ್ಲಿ ಲೆಕಾನೆಮ್ಯಾಬ್ ಎಂಬ ಔಷಧವು ಆರಂಭಿಕ ಹಂತದ ರೋಗಿಗಳಲ್ಲಿ ೧೮ ತಿಂಗಳ ಅವಧಿಯಲ್ಲಿ ಕ್ಷೀಣತೆಯ ವೇಗವನ್ನು ಶೇಕಡಾ ೨೭ರಷ್ಟು ಕುಗ್ಗಿಸಿತು. ಈ ಲಾಭ ಅಲ್ಪವಾದುದು. ಮೆದುಳಿನ ಊತ, ರಕ್ತಸ್ರಾವದಂತಹ ಅಡ್ಡಪರಿಣಾಮಗಳೂ ಇವೆ. ಕಳೆದುಹೋದ ನೆನಪನ್ನು ಇದು ಮರಳಿಸದು. ಆದರೂ ಅಮೈಲಾಯ್ಡನ್ನು ತೆಗೆದರೆ ರೋಗದ ಗತಿ ನಿಧಾನವಾಗಬಲ್ಲದೆಂಬುದಕ್ಕೆ ಇದು ಗಟ್ಟಿಯಾದ ಸಾಕ್ಷ್ಯವೆಂದು ಪರಿಗಣಿತವಾಗಿದೆ.

ಪ್ರಶಸ್ತಿ ಮತ್ತು ಗೌರವಗಳು

• ೧೯೯೩ – ಪೊಟಾಮ್ಕಿನ್ ಪ್ರಶಸ್ತಿ
• ೨೦೦೯ – ರಾಯಲ್ ಸೊಸೈಟಿಯ ಸದಸ್ಯತ್ವ
• ೨೦೧೫ರ ನವೆಂಬರ್ – ಜೀವವಿಜ್ಞಾನದ ಬ್ರೇಕ್‌ಥ್ರೂ ಪ್ರಶಸ್ತಿ (೩೦ ಲಕ್ಷ ಡಾಲರ್)
• ೨೦೧೮ – ಬ್ರೇನ್ ಪ್ರಶಸ್ತಿ (ಬಾರ್ಟ್ ಡಿ ಸ್ಟ್ರೂಪರ್, ಮಿಷೆಲ್ ಗೋಡರ್ಟ್ ಮತ್ತು ಕ್ರಿಸ್ಟಿಯಾನ್ ಹಾಸ್ ಅವರೊಂದಿಗೆ)
• ೨೦೨೨ – ಬ್ರಿಟನ್ನಿನ ನೈಟ್ ಪದವಿ