ಬೇರು ಬಲಿಯದ ಹಲ್ಲು

ಸಂಸ್ಕೃತದ ‘ದ್ವಿಜ’ ಶಬ್ದಕ್ಕೆ ಹಲ್ಲು ಎಂಬ ಅರ್ಥವೂ ಉಂಟು. ಮೊದಲು ಮೊಟ್ಟೆಯಾಗಿ, ಆಮೇಲೆ ಮರಿಯಾಗಿ ಹುಟ್ಟುವುದರಿಂದ ಹಕ್ಕಿ ದ್ವಿಜ. ಹಾಲುಹಲ್ಲಾಗಿ ಹುಟ್ಟಿ, ಉದುರಿ, ಮತ್ತೊಮ್ಮೆ ಹುಟ್ಟುವುದರಿಂದ ಹಲ್ಲೂ ದ್ವಿಜ. ಈ ಅರ್ಥವನ್ನು ಎಷ್ಟೋ ವರ್ಷ ತರಗತಿಯಲ್ಲಿ ವಿವರಿಸಿದ ನಾನು, ನನ್ನ ಮನೆಯಲ್ಲಿಯೇ ಆ ಎರಡನೆಯ ಹುಟ್ಟನ್ನು ಗುರುತಿಸದೆ ಹೋದೆ. ಆ ತಪ್ಪಿನಿಂದ ಕಲಿತ ಪಾಠವನ್ನೇ ಈ ಹೊತ್ತು ನಿಮ್ಮ ಮುಂದಿಡುತ್ತಿದ್ದೇನೆ.

ನಾವಿರುವುದು ಬೆಂಗಳೂರಿನ ದೀಪಾಂಜಲಿ ನಗರದಲ್ಲಿ. ಒಂದು ಸಂಜೆ ಎಂಟು ವರ್ಷದ ಮೊಮ್ಮಗ ಸೈಕಲ್ಲಿನಿಂದ ಬಿದ್ದು, ಮೇಲಿನ ಸಾಲಿನ ಮುಂದಿನ ಹಲ್ಲೊಂದನ್ನು ಮುರಿದುಕೊಂಡು ಬಂದ. ಸೊಸೆ ವೈದ್ಯರಲ್ಲಿಗೆ ಹೋಗೋಣವೆಂದಳು. “ಬೇಡಮ್ಮ, ಅದು ಹಾಲುಹಲ್ಲು. ಇವತ್ತಲ್ಲ ನಾಳೆ ಬೀಳುವುದೇ” ಎಂದು ನಾನು ತೀರ್ಪು ಕೊಟ್ಟುಬಿಟ್ಟೆ. ನಾಲ್ಕು ತಿಂಗಳ ಮೇಲೆ ಹುಡುಗ ತುಟಿ ಎತ್ತಿ ತೋರಿಸಿದ. ವಸಡಿನ ಮೇಲೆ ಅಕ್ಕಿಕಾಳಿನಷ್ಟು ಕೀವುಗುಳ್ಳೆ. ಹಲ್ಲಿನ ಬಣ್ಣ ಮಂಕಾಗಿತ್ತು.

ಮಕ್ಕಳ ದಂತವೈದ್ಯೆ ಎಕ್ಸ್‌ರೇ ಚಿತ್ರವನ್ನು ತೋರಿಸಿ, “ಮೇಷ್ಟ್ರೇ, ಇದು ಹಾಲುಹಲ್ಲಲ್ಲ, ಶಾಶ್ವತ ಹಲ್ಲು. ಆದರೆ ಇನ್ನೂ ಕಟ್ಟಿ ಮುಗಿದಿಲ್ಲ” ಎಂದರು. ಪಕ್ಕದಲ್ಲಿದ್ದ ಹುಡುಗ, “ತಾತ, ನನ್ನ ಹಾಲುಹಲ್ಲನ್ನು ಹೋದ ವರ್ಷ ಸಗಣಿಯಲ್ಲಿ ಸುತ್ತಿ ತಾರಸಿಯ ಮೇಲೆ ನೀನೇ ಎಸೆದೆಯಲ್ಲ!” ಎಂದ. ನನಗೆ ಉತ್ತರ ಹೊಳೆಯಲಿಲ್ಲ.

‘ಕಟ್ಟಿ ಮುಗಿದಿಲ್ಲ’ ಎಂಬ ಮಾತಿನ ಅರ್ಥವಿಷ್ಟು. ಶಾಶ್ವತ ಹಲ್ಲು ವಸಡಿನಿಂದ ಹೊರಗೆ ಕಾಣಿಸಿಕೊಂಡಾಗ ಅದರ ಬೇರು ಪೂರ್ಣವಾಗಿರುವುದಿಲ್ಲ. ಬೇರು ನೀಳವಾಗಿ, ಅದರ ಗೋಡೆ ದಪ್ಪವಾಗಿ, ತುದಿ ಕಿರಿದಾಗಲು ಮುಂದೆ ಸುಮಾರು 3 ವರ್ಷ ಬೇಕು. ಏಳೆಂಟು ವರ್ಷಕ್ಕೆ ಮೂಡುವ ಈ ಮುಂದಿನ ಹಲ್ಲಿನ ಬೇರು ಬಲಿಯುವುದು ಹತ್ತನೆಯ ವರ್ಷದ ಸುಮಾರಿಗೆ. ಗೋಡೆಯನ್ನು ದಪ್ಪವಾಗಿಸುವ ಕೆಲಸ ಹಲ್ಲಿನೊಳಗಿನ ತಿರುಳಿನದು; ರಕ್ತನಾಳ, ನರ, ಜೀವಕೋಶಗಳಿಂದಾದ ಮೆತ್ತನೆಯ ಭಾಗವದು. ಪೆಟ್ಟಿನಿಂದಲೋ ಹುಳುಕಿನಿಂದಲೋ ತಿರುಳು ಸತ್ತರೆ ಬೆಳವಣಿಗೆ ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಗೋಡೆ ತೆಳುವಾಗಿಯೂ ತುದಿ ನಾಗಸ್ವರದ ಬಾಯಿಯಂತೆ ತೆರೆದೂ ಉಳಿಯುತ್ತವೆ. ದೊಡ್ಡವರಿಗೆ ಮಾಡುವ ರೂಟ್ ಕೆನಾಲ್ ಚಿಕಿತ್ಸೆಯನ್ನು ಇಲ್ಲಿ ಹಾಗೆಯೇ ಮಾಡಲಾಗದು. ತುಂಬಿದ ವಸ್ತುವನ್ನು ತಡೆದು ನಿಲ್ಲಿಸಲು ತುದಿಯಲ್ಲಿ ಏನೂ ಇರುವುದಿಲ್ಲ.

ಇದಕ್ಕೆ ಹಿಂದಿನಿಂದ ಬಂದ ಉಪಾಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ವೀಳ್ಯದೆಲೆಗೆ ಹಚ್ಚುವ ಸುಣ್ಣವೇ ಅದು, ಶುದ್ಧರೂಪದಲ್ಲಿ. ಅದನ್ನು ತಿಂಗಳುಗಟ್ಟಲೆ ಬೇರಿನ ನಾಳದೊಳಗಿಟ್ಟು, ತುದಿಯಲ್ಲಿ ಗಟ್ಟಿಯಾದ ತಡೆಯೊಂದು ಮೂಡುವಂತೆ ಮಾಡುತ್ತಿದ್ದರು. 1990ರ ದಶಕದಲ್ಲಿ ಎಂ.ಟಿ.ಎ. ಎಂಬ ಸಿಮೆಂಟು ಬಂದು, ತುದಿಗೆ ಒಂದೆರಡು ಭೇಟಿಗಳಲ್ಲಿಯೇ ಬಿರಡೆ ಹಾಕುವುದು ಸಾಧ್ಯವಾಯಿತು. ಆದರೆ ಎರಡರಲ್ಲಿಯೂ ತುದಿ ಮುಚ್ಚುವುದೇ ಹೊರತು ಗೋಡೆ ದಪ್ಪವಾಗುವುದಿಲ್ಲ. ಮುಂದೆಂದೋ ಹಲ್ಲು ಬುಡದಲ್ಲಿ ಮುರಿಯುವ ಭಯ ತಪ್ಪುವುದಿಲ್ಲ.

ಹಾಗಾದರೆ ಗೋಡೆಯನ್ನೇ ಬೆಳೆಸಲಾಗದೆ? ಬೇರಿನ ನಾಳದೊಳಗೆ ರಕ್ತ ಹೆಪ್ಪುಗಟ್ಟಿಸಿ ನೋಡಿದ ಪ್ರಯೋಗವನ್ನು ನಾರ್ವೆಯ ನೈಗಾರ್ಡ್ ಓಸ್ಟ್‌ಬಿ 1961ರಲ್ಲಿಯೇ ಪ್ರಕಟಿಸಿದ್ದರು. 2001ರಲ್ಲಿ ಜಪಾನಿನ ವೈದ್ಯರು 13 ವರ್ಷದ ರೋಗಿಯೊಬ್ಬರ ಕೀವು ತುಂಬಿದ ಹಲ್ಲಿನಲ್ಲಿ ಬೇರು ಮತ್ತೆ ಬೆಳೆದುದನ್ನು ವರದಿಮಾಡಿದರು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ನಸೀಮ್ ಷಾ ಮತ್ತು ಸಂಗಡಿಗರು ಇಂಥ 14 ಹಲ್ಲುಗಳಿಗೆ ಚಿಕಿತ್ಸೆ ಮಾಡಿ, ಫಲವನ್ನು 2008ರಲ್ಲಿ ಪ್ರಕಟಿಸಿದರು.

ನಮ್ಮ ಹುಡುಗನಿಗೆ ನಡೆದದ್ದೂ ಇದೇ ಕ್ರಮ. ಮೊದಲ ಭೇಟಿಯಲ್ಲಿ ಹಲ್ಲನ್ನು ತೆರೆದು, ತೆಳುಗೋಡೆಯನ್ನು ಕೆರೆಯದೆ, ಸೌಮ್ಯವಾದ ಔಷಧದ್ರಾವಣದಿಂದ ತೊಳೆದರು. ಒಳಗೆ ಅದೇ ಸುಣ್ಣದ ಲೇಪ, ಮೇಲೆ ಮುಚ್ಚಳ. ಮೂರು ವಾರದ ಮೇಲೆ, ನಂಜು ಅಡಗಿದುದನ್ನು ಕಂಡುಕೊಂಡು, ಮತ್ತೆ ತೆರೆದರು. ಈ ಸಲ ಅರಿವಳಿಕೆಯ ಮದ್ದಿನಲ್ಲಿ ರಕ್ತನಾಳವನ್ನು ಬಿಗಿಯುವ ಅಂಶವಿರಲಿಲ್ಲ. ಈಗ ಬೇಕಾದುದೇ ರಕ್ತ. ಸೂಕ್ಷ್ಮವಾದ ಸೂಜಿಯಿಂದ ಬೇರಿನ ತುದಿಯಾಚೆ ತುಸು ಚುಚ್ಚಿದಾಗ ನಾಳದೊಳಗೆ ರಕ್ತ ಏರಿತು. ಆ ತುದಿಯ ಎಳೆಯ ಭಾಗದಲ್ಲಿ ಮೂಲಕೋಶಗಳಿರುತ್ತವೆ. ರಕ್ತದೊಡನೆ ಅವೂ ಒಳಬರುತ್ತವೆ. ರಕ್ತ ಹೆಪ್ಪುಗಟ್ಟಿದ ಮೇಲೆ ಸಿಮೆಂಟಿನಿಂದ ಭದ್ರವಾಗಿ ಮುಚ್ಚಿದರು. ಹಾಲಿಗೆ ಹೆಪ್ಪು ಹಾಕಿದವರು ಪಾತ್ರೆಯನ್ನು ಅಲುಗಿಸದೆ ಕಾಯುವಂತೆ ನಾವೂ ಕಾಯಬೇಕಾಯಿತು. ಆದರೆ ಒಂದು ರಾತ್ರಿಯಲ್ಲ, ಎರಡು ವರ್ಷ.

ಈ ಚಿಕಿತ್ಸೆಯನ್ನು ‘ಪುನರುಜ್ಜೀವನ’ ಎನ್ನುತ್ತಾರೆ. ಶಬ್ದವನ್ನು ತೂಗಿನೋಡುವುದು ನನ್ನ ವೃತ್ತಿಯ ಚಾಳಿ. ಇಂಥ ಹಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಹೇಳುವಂತೆ, ಒಳಗೆ ಬೆಳೆಯುವುದು ಬಹುಮಟ್ಟಿಗೆ ಮೂಲದ ತಿರುಳಲ್ಲ. ಎಲುಬನ್ನೂ ಬೇರಿನ ಹೊರಪದರವನ್ನೂ ಹೋಲುವ ಬದಲಿ ವಸ್ತು. ಆದುದರಿಂದ ಇದನ್ನು ಮರುಹುಟ್ಟು ಎನ್ನುವುದಕ್ಕಿಂತ ಒಳ್ಳೆಯ ದುರಸ್ತಿ ಎನ್ನುವುದು ಪ್ರಾಮಾಣಿಕ. ನೋವು, ಕೀವು ವಾಸಿಯಾಗುವುದು ಹೆಚ್ಚಿನವರಲ್ಲಿ ಉಂಟು. ಬೇರು ಉದ್ದವಾಗಿ ದಪ್ಪವಾಗುವುದು ಎಲ್ಲರಲ್ಲಿಯೂ ಇಲ್ಲ. ಹಲ್ಲಿನ ಬಣ್ಣ ಕಂದುವುದೂ ಉಂಟು. ಫಲಿಸದಿದ್ದರೆ ಬಿರಡೆಯ ಹಾದಿ ತೆರೆದೇ ಇರುತ್ತದೆ.

ಎರಡು ವರ್ಷದ ಚಿತ್ರದಲ್ಲಿ ನಮ್ಮ ಹುಡುಗನ ಬೇರಿನ ತುದಿ ಕಿರಿದಾಗಿದೆ, ಗೋಡೆ ತುಸು ದಪ್ಪವಾಗಿದೆ. ಪಕ್ಕದ ಹಲ್ಲಿನಷ್ಟಲ್ಲ. ನಾನು ಮರೆಯಲಾರದ ಮಾತು ಬೇರೆ. “ಅಂದೇ ಕರೆತಂದಿದ್ದರೆ ತಿರುಳನ್ನೇ ಉಳಿಸಬಹುದಾಗಿತ್ತೇನೋ” ಎಂದರು ವೈದ್ಯೆ. ಮುರಿದ ಹಲ್ಲಿನಲ್ಲಿ ಹೊರಗೆ ಕಾಣುವ ತಿರುಳನ್ನು ಒಂದೆರಡು ಮಿಲಿಮೀಟರಿನಷ್ಟು ಮಾತ್ರ ತೆಗೆದು ಮುಚ್ಚಿದರೆ, ಉಳಿದ ತಿರುಳು ಬದುಕಿ ಬೇರನ್ನು ತಾನೇ ಬೆಳೆಸಬಲ್ಲದು. ಸ್ವೀಡನ್ನಿನಿಂದ 1978ರಲ್ಲಿಯೇ ಬಂದ ವಿಚಾರವಿದು. ನನ್ನ ತೀರ್ಪು ಆ ಅವಕಾಶವನ್ನು ಕಳೆಯಿತು.

ಆದುದರಿಂದ ಹಿರಿಯರಲ್ಲಿ ನನ್ನ ವಿನಂತಿಯಿಷ್ಟೆ. ಆರು ವರ್ಷ ದಾಟಿದ ಮಗುವಿನ ಹಲ್ಲು ಮುರಿದರೆ, ಬಣ್ಣಗೆಟ್ಟರೆ, ಹಾಲುಹಲ್ಲೆಂದು ನೀವೇ ತೀರ್ಮಾನಿಸಬೇಡಿ. ಆರನೆಯ ವರ್ಷಕ್ಕೆ ಹಿಂದುಗಡೆ ಮೂಡುವ ದವಡೆಹಲ್ಲು ಯಾವ ಹಲ್ಲನ್ನೂ ಉದುರಿಸದೆ ಬರುತ್ತದೆ, ಅದೂ ಶಾಶ್ವತವೇ. ನಮ್ಮ ದೀಪಾಂಜಲಿ ನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದರೆ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ಕಾಲೇಜು ಹತ್ತಿರದಲ್ಲಿಯೇ ಇದೆ. ದಾರಿ ದೂರವಿರಲಿಲ್ಲ, ನಾನು ಹೊರಡಲಿಲ್ಲ, ಅಷ್ಟೆ.