ಹಳೆಯ ಗೊಂಬೆಗೆ ಹೊಸ ಬಣ್ಣ: ಮೊದಲು ಸೀಸದ ಬಗ್ಗೆ ಎಚ್ಚರ

ದುಬೈಯಲ್ಲಿ ಕೆಲಸ ಮಾಡುವ ನನ್ನ ಮಾಮು ಕಳೆದ ವರ್ಷ ಬೆಳುವಾಯಿಗೆ ಬಂದಾಗ ನನಗೊಂದು ಬಿಸ್ಕತ್ತಿನ ಡಬ್ಬ ಕೊಟ್ಟರು. ಅದರೊಳಗೆ ಹೆಬ್ಬೆರಳಿನಷ್ಟೂ ಎತ್ತರವಿಲ್ಲದ 18 ಲೋಹದ ಗೊಂಬೆಗಳಿದ್ದವು. ಕತ್ತಿ ಹಿಡಿದ ಸೈನಿಕರು, ಮಾಂತ್ರಿಕರು, ಒಂದು ಡ್ರ್ಯಾಗನ್. ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಸಾಮಾನು. ಬಣ್ಣವನ್ನು ದಪ್ಪಗೆ ಬಳಿದಿದ್ದರಿಂದ ಮುಖವೇ ಕಾಣುತ್ತಿರಲಿಲ್ಲ.

ಇವು ಮೇಜಿನ ಮೇಲೆ ಆಡುವ ಕಥೆಯಾಟದ ಕಾಯಿಗಳು. 1974ರಲ್ಲಿ ಅಮೆರಿಕದಲ್ಲಿ ಬಂದ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಇಂತಹ ಆಟಗಳಲ್ಲಿ ಪ್ರಸಿದ್ಧ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಪಾತ್ರಗಳಾಗುತ್ತಾರೆ, ದಾಳ ಹಾಕಿ ಮುಂದಿನದನ್ನು ತೀರ್ಮಾನಿಸುತ್ತಾರೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ತೋರಿಸಲು ಗೊಂಬೆಗಳು ಬೇಕು.

ನಾನು ಬ್ಲೇಡ್ ಹಿಡಿದು ಹಳೆಯ ಬಣ್ಣ ಕೆರೆಯಲು ಕುಳಿತಾಗ ದಾದಿ ತಡೆದರು. ನಮ್ಮ ದಾದಾ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಕಲಾಯಿಗೆ ಶುದ್ಧ ತವರ ಬೇಕು. ಅಗ್ಗಕ್ಕೆಂದು ಸೀಸ ಬೆರೆಸಿದರೆ ಆ ಪಾತ್ರೆಯ ಅಡುಗೆಗೂ ಸೀಸ ಸೇರುತ್ತದೆ. "ಬೇಟಾ, ಇದು ತವರವೋ ಸೀಸವೋ ನೋಡಿದೆಯಾ? ಮನೆಯಲ್ಲಿ ಮಗು ಇದೆ" ಎಂದರು. ಅಕ್ಕನ ಮಗಳಿಗೆ ಎರಡು ವರ್ಷ. ಸಿಕ್ಕಿದ್ದೆಲ್ಲ ಅವಳ ಬಾಯಿಗೆ ಹೋಗುತ್ತದೆ.

ದಾದಿಯ ಸಂಶಯ ಸರಿಯಾಗಿತ್ತು. 1990ರ ದಶಕಕ್ಕಿಂತ ಹಿಂದಿನ ಇಂತಹ ಗೊಂಬೆಗಳಲ್ಲಿ ಹೆಚ್ಚಿನವು ಸೀಸ ಬೆರೆತ ಮಿಶ್ರಲೋಹದವು. ಸೀಸ ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಬಗ್ಗೆ ದೇಶವಿಡೀ ಜಾಗೃತಿ ಮೂಡಿಸಿದವರು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2017ರ ನವೆಂಬರ್‌ನಲ್ಲಿ ಜಾರಿಗೆ ಬಂತು.

ಗೊಂಬೆಯನ್ನು ಬಿಳಿ ಕಾಗದದ ಮೇಲೆ ಉಜ್ಜಿದಾಗ ಪೆನ್ಸಿಲಿನಂತೆ ಬೂದು ಗೀರು ಬಿದ್ದರೆ ಸೀಸವಿರುವ ಸಂಶಯ ಬಲವಾಗುತ್ತದೆ. ಬೀಳದಿದ್ದರೂ ಸೀಸ ಇಲ್ಲವೆಂದು ಹೇಳಲಾಗದು. ಆದ್ದರಿಂದ ಹಳೆಯದನ್ನೆಲ್ಲ ಸೀಸದ್ದೆಂದೇ ತಿಳಿದು ಕೆಲಸ ಮಾಡಬೇಕು. ಮೈಮೇಲೆ ಬಿಳಿ ಹುಡಿ ಎದ್ದಿದ್ದರೆ ಅದು ಸೀಸಕ್ಕೆ ಹಿಡಿದ ತುಕ್ಕು. ನಮ್ಮ ಕರಾವಳಿಯ ತೇವದಲ್ಲಿ, ಮುಚ್ಚಿದ ಮರದ ಕಪಾಟಿನಲ್ಲಿ ಅದು ಬೇಗ ಹೆಚ್ಚುತ್ತದೆ. ನನ್ನ ಡಬ್ಬದಲ್ಲಿ ಅಂಥವು ಮೂರಿದ್ದವು. ಅವನ್ನು ಮುಟ್ಟದೆ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ, ಮಗುವಿನ ಕೈಗೆ ಸಿಗದಂತೆ ಅಟ್ಟದಲ್ಲಿಟ್ಟೆ.

ಉಳಿದವುಗಳಿಗೆ ನಾನು ಮಾಡಿದ ಕ್ರಮ ಹೀಗಿದೆ. ಒಣ ಬಣ್ಣವನ್ನು ಕೆರೆಯಬಾರದು, ಮರಳುಕಾಗದ ಹಾಕಬಾರದು, ಏಕೆಂದರೆ ಹುಡಿ ಉಸಿರಿಗೆ ಹೋಗುತ್ತದೆ. ಕೈಗವಸು ಹಾಕಿ, ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದು ರಾತ್ರಿ ನೆನೆಸಿದೆ. ಅದಕ್ಕೆ ಬೆಂಕಿ ಬೇಗ ಹಿಡಿಯುತ್ತದೆ, ಒಲೆಯಿಂದ ದೂರವಿಡಿ. ಮರುದಿನ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಒದ್ದೆಯಾಗಿರುವಾಗಲೇ ಉಜ್ಜಿ, ಸಾಬೂನು ನೀರಲ್ಲಿ ತೊಳೆದೆ. ಬಾವಿಕಟ್ಟೆಯ ಬಳಿ ಇದನ್ನು ತೊಳೆಯಲೇಬೇಡಿ.

ಒಣಗಿದ ಮೇಲೆ ಪ್ರೈಮರನ್ನು ತೆಳುವಾಗಿ ಸ್ಪ್ರೇ ಮಾಡಬೇಕು. ಇಲ್ಲದಿದ್ದರೆ ಬಣ್ಣ ಲೋಹಕ್ಕೆ ಹಿಡಿಯದೆ ಎದ್ದುಬರುತ್ತದೆ. ಆಮೇಲೆ ನೀರು ಬೆರೆಸಿದ ಅಕ್ರಿಲಿಕ್ ಬಣ್ಣವನ್ನು ಎರಡು ಸಲ ತೆಳ್ಳಗೆ ಹಚ್ಚಬೇಕು. ಅದರ ಮೇಲೆ ತುಂಬ ತಿಳಿಯಾದ ಕಂದು ಬಣ್ಣ ಬಿಟ್ಟರೆ ಅದು ಮಡಿಕೆಗಳಿಗೆ ಇಳಿದು ನೆರಳಾಗುತ್ತದೆ. ಬಹುತೇಕ ಒಣಗಿದ ಬ್ರಷ್‌ನಿಂದ ತಿಳಿ ಬಣ್ಣವನ್ನು ಮೇಲಿಂದ ಸವರಿದರೆ ಮೂಗು, ಗಡ್ಡ, ಕತ್ತಿಯ ಅಂಚು ಎದ್ದು ಕಾಣುತ್ತವೆ. ಕೊನೆಗೆ ವಾರ್ನಿಷ್. ಅದು ಬಣ್ಣವನ್ನೂ ಕಾಯುತ್ತದೆ, ಲೋಹವನ್ನೂ ಮುಚ್ಚುತ್ತದೆ. ಹಾಗೆಂದು ಅದು ಮಗುವಿನ ಆಟಿಕೆಯಾಗುವುದಿಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಕಾಮರ್ಸ್ ವಿದ್ಯಾರ್ಥಿಯಾಗಿ ಲೆಕ್ಕ ಹೇಳುವುದಾದರೆ, 18ರಲ್ಲಿ 3 ನಷ್ಟ, 14 ಮುಗಿದಿವೆ. ಡ್ರ್ಯಾಗನ್ ಮಾತ್ರ ಬಾಕಿ. ಮಳೆಗಾಲದ ತೇವದಲ್ಲಿ ಸ್ಪ್ರೇ ಮಾಡಿದರೆ ಮಬ್ಬು ಹಿಡಿಯುತ್ತದೆ, ಬಿಸಿಲು ಬರಲೆಂದು ಕಾಯುತ್ತಿದ್ದೇನೆ. ದಾದಿ ದಿನಾ ಕೇಳುವುದು ಒಂದೇ: "ಡಬ್ಬಕ್ಕೆ ಬೀಗ ಹಾಕಿದೆಯಾ?"